ಸೀಮೆಎಣ್ಣೆಯಲ್ಲಿ ಮಿಂದ ಕೋವಿ

ನನ್ನ ಸೋದರಮಾವ ಹೊಲಿಗೆ ಮೆಷಿನ್ ರಿಪೇರಿಯವನು. ಸುಳ್ಳು ಹೇಳಲು ಬಾರದೆ ಅರ್ಧ ಗಿರಾಕಿಗಳನ್ನು ಕಳೆದುಕೊಂಡವನು. ದಾರ ಕಡಿಯುತ್ತದೆ ಎಂದು ಯಾರಾದರೂ ಮೆಷಿನ್ ಹೊತ್ತು ತಂದರೆ, ಎರಡು ಸಲ ತುಳಿದು ನೋಡಿ, ಮೆಷಿನ್ನಿಗೆ ಏನೂ ಆಗಿಲ್ಲ, ನಿಮಗೇ ಹೊಲಿಯಲು ಬರುವುದಿಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಕಳಿಸುತ್ತಿದ್ದ. ಅತ್ತೆ ಒಳಗೆ ನಿಂತು ಹಣೆ ಚಚ್ಚಿಕೊಳ್ಳುತ್ತಿದ್ದಳು.

ಅವನ ಇನ್ನೊಂದು ಚಾಳಿ ಸ್ನಾನ ಮಾಡಿಸುವುದು. ಕೈಗೆ ಬಂದ ಯಾವ ಯಂತ್ರವನ್ನೇ ಆಗಲಿ ಮೊದಲು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಫಳಫಳ ಹೊಳೆಸಬೇಕು. ಅದರ ರೋಗ ಏನೆಂದು ಕೇಳುವುದು ಆಮೇಲೆ. ಇದನ್ನು ಅವನಿಗೆ ಕಲಿಸಿದವರು ಅವನ ಗುರುಗಳಾದ ಟೈಲರ್ ಮೇಷ್ಟ್ರು.

ಆ ಮೇಷ್ಟ್ರನ್ನು ಊರೆಲ್ಲ ಹಂದಿ ಮೇಷ್ಟ್ರು ಎಂದೇ ಕರೆಯುತ್ತಿತ್ತು. ಹರೆಯದಲ್ಲಿ ತಾವೊಂದು ಕಾಡುಹಂದಿ ಹೊಡೆದ ಕಥೆಯನ್ನು ಅಳತೆ ಕೊಡಲು ಬಂದವರಿಗೆಲ್ಲ ಹೇಳುತ್ತಿದ್ದರು. ಎದೆಯ ಸುತ್ತಳತೆ ಹಿಡಿಯುವಾಗ ಕರುವಿನಷ್ಟಿದ್ದ ಹಂದಿ, ಟೇಪು ಸೊಂಟಕ್ಕೆ ಇಳಿಯುವಷ್ಟರಲ್ಲಿ ಎಮ್ಮೆಯಷ್ಟಾಗಿರುತ್ತಿತ್ತು. ಕೋವಿ ಎಲ್ಲಿ ಎಂದು ಕೇಳಿದರೆ ಮಾತ್ರ ಮೇಷ್ಟ್ರು ಕತ್ತರಿ ಹುಡುಕತೊಡಗುತ್ತಿದ್ದರು.

ಮೇಷ್ಟ್ರು ತೀರಿಕೊಂಡ ಎರಡು ತಿಂಗಳಿಗೆ ಅವರ ಮಗಳು ಒಂದು ಉದ್ದನೆಯ ಮರದ ಪೆಟ್ಟಿಗೆಯನ್ನು ತಂದು ಮಾವನ ಮೇಜಿನ ಮೇಲಿಟ್ಟಳು. ಅಂಗಡಿ ಖಾಲಿ ಮಾಡುವಾಗ ಲೈನಿಂಗ್ ಬಟ್ಟೆಯ ರಾಶಿಯ ಅಡಿಯಲ್ಲಿ ಸಿಕ್ಕಿತಂತೆ. ಒಳಗೆ ಒಂದು ಕೋವಿ, ಜೊತೆಗೆ ಮೇಷ್ಟ್ರ ಹೆಸರಿನ ಹಳೆಯ ಪರವಾನಗಿ. ಇದು ಎಂಥ ಕೋವಿ ಎಂದು ತಿಳಿದವರಿಂದ ಬರೆಸಿ ತಂದರೆ ಅವಳು ಹೇಳಿದವರ ಹೆಸರಿಗೆ ಮಾಡಿಕೊಡುತ್ತೇವೆ ಎಂದು ಪೊಲೀಸ್ ಠಾಣೆಯಲ್ಲಿ ಹೇಳಿದ್ದರು. ಆದರೆ ಅವಳಿಗೆ ಬೇಕಾಗಿದ್ದದ್ದೇ ಬೇರೆ.

"ಅಪ್ಪನ್ನ ನೋಡಿ ಎಲ್ರೂ ನಕ್ರು ಅಣ್ಣ. ನಾನೂ ನಕ್ಕೆ," ಎಂದಳು. "ಇದು ಒಂದೇ ಒಂದು ಗುಂಡು ಹಾರಿಸಿದೆ ಅಂತ ಗೊತ್ತಾದ್ರೆ ನಂಗೆ ಅಷ್ಟೇ ಸಾಕು. ಕೋವಿ ನೀವೇ ಇಟ್ಕೊಳ್ಳಿ."

ಮಾವನ ಮನೆಯ ಗೇಟು ತೆರೆದರೆ ಆಚೀಚೆಯ ಮೂರು ಮನೆಗಳಿಗೆ ಕೇಳುವಂತೆ ಕಿರುಚುತ್ತಿತ್ತು. ಅವಳ ಹಿಂದೆ ಅದು ಕಿರುಚಿ ಮುಚ್ಚಿಕೊಳ್ಳುವ ಮೊದಲೇ ಮಾವ ಸೀಮೆಎಣ್ಣೆ ಡಬ್ಬ ತೆಗೆದಿದ್ದ. ರಜೆಗೆಂದು ಬಂದಿದ್ದ ನಾನು ಎದುರಿಗೇ ಕೂತು ಎಲ್ಲವನ್ನೂ ನೋಡಿದೆ. ನಳಿಗೆಯ ತುಂಬ ಹಳದಿ ಗ್ರೀಸು ಮೇಣದ ಹಾಗೆ ಗಟ್ಟಿಯಾಗಿ ಕೂತಿತ್ತು. ಅತ್ತೆಯ ಹಳೇ ಲಂಗದ ಚೂರನ್ನು ಕಂಬಿಗೆ ಸುತ್ತಿ ಮಾವ ಅದಷ್ಟನ್ನೂ ನೂಕಿ ತೆಗೆದ. ಬಿಸಾಡಲು ಮನಸ್ಸು ಬಾರದೆ ಗೇಟಿನ ಕೀಲುಗಳಿಗೆ ಮೆತ್ತಿದ.

ಟ್ರಿಗರಿನ ಸುತ್ತ ಬೆರಳುಗಳು ತೂರುವಷ್ಟು ಅಗಲದ ಬಳೆಯಂಥ ಲಿವರ್ ಇತ್ತು. ಅದನ್ನು ಕೆಳಕ್ಕೆ ಎಳೆದು ಮೇಲಕ್ಕೆ ಒತ್ತಿದರೆ ಒಳಗೆ ಏನೇನೋ ಸರಿದು ಟಕ್ಕೆಂದು ಕೂರುತ್ತಿತ್ತು. ಮಾವ ಖುಷಿಯಿಂದ ನೂರು ಸಲ ಎಳೆದ. ಆಮೇಲೆ ಅಡಿಯಲ್ಲಿ ಕೊರೆದಿದ್ದ ನಂಬರನ್ನು ತನ್ನ ಜಿಡ್ಡು ಹಿಡಿದ ನೋಟ್‌ಬುಕ್ಕಿನಲ್ಲಿ ಹುಡುಕಿದ. ಅದರಲ್ಲಿ ಇದ್ದದ್ದು ಹೊಲಿಗೆ ಮೆಷಿನ್ನುಗಳ ನಂಬರುಗಳು ಮಾತ್ರ. ಗ್ರಹಚಾರಕ್ಕೆ ನಂಬರು ಸಿಕ್ಕಿಯೂ ಬಿಟ್ಟಿತು. ಇದು ಕಾಲಲ್ಲಿ ತುಳಿಯುವ ಮಾದರಿ, ದಪ್ಪ ಕ್ಯಾನ್ವಾಸಿಗೆ ಒಳ್ಳೆಯದು ಎಂದು ಗಂಭೀರವಾಗಿ ಓದಿ ಹೇಳಿದ. ಹಾಗಾದರೆ ಮೇಷ್ಟ್ರು ಹಂದಿಗೆ ಚಡ್ಡಿ ಹೊಲಿದುಕೊಟ್ಟಿರಬೇಕು ಎಂದಳು ಅತ್ತೆ.

ಮರುದಿನ ಮಾವ, ಮೇಷ್ಟ್ರ ಮಗಳು, ನಾನು ಮೂವರೂ ಪೇಟೆಯ ಕೋವಿ ಅಂಗಡಿಗೆ ಹೋದೆವು. ಅಂಗಡಿಯ ಅಜ್ಜ ನಳಿಗೆಯ ಎಂಟು ಅಂಚುಗಳನ್ನು ಉಗುರಿನಿಂದ ಎಣಿಸಿದರು. ಭುಜಕ್ಕೆ ಆನಿಸುವ ಬಾಗಿದ ಕಬ್ಬಿಣದ ಪಟ್ಟಿಯನ್ನು ಸವರಿದರು. ಮಗ್ಗುಲಲ್ಲಿದ್ದ, ಗುಂಡು ತುಂಬುವ ಪುಟ್ಟ ಬಾಗಿಲನ್ನು ಹೆಬ್ಬೆರಳಿನಿಂದ ಒತ್ತಿದರು. ಲಿವರ್ ಎಳೆದು ಹೊಡೆಯುವ ಬೇಟೆ ರೈಫಲ್, ನೂರು ವರ್ಷ ದಾಟಿದೆ, ಈಗ ಇಂಥದ್ದು ಕಣ್ಣಿಗೆ ಬೀಳುವುದೇ ಅಪರೂಪ ಎಂದರು. ಮಾವ ನೋಟ್‌ಬುಕ್ ತೆಗೆಯಲು ಜೇಬಿಗೆ ಕೈ ಹಾಕಿದ. ನಾನು ಅವನ ಕಾಲು ತುಳಿದೆ.

ಇದು ಗುಂಡು ಹಾರಿಸಿದೆಯೇ ಎಂದು ಮೇಷ್ಟ್ರ ಮಗಳು ಮೆಲ್ಲಗೆ ಕೇಳಿದಳು. ಅಜ್ಜ ನಳಿಗೆಯೊಳಗೆ ಬೆಳಕು ಬಿಟ್ಟು ಇಣುಕಿದರು. ಒಳಗೆ ಕನ್ನಡಿಯಂತೆ ಹೊಳೆಯುತ್ತಿತ್ತು. ಇದನ್ನು ಹೀಗೆ ತೊಳೆದ ಪುಣ್ಯಾತ್ಮ ಯಾರು ಎಂದು ವಿಚಾರಿಸಿದರು. ಮಾವ ಹೆಮ್ಮೆಯಿಂದ ಕೈಯೆತ್ತಿದ.

"ಹಂಗಾದ್ರೆ ನೀವೇ ಹೇಳ್ಬೇಕು," ಎಂದರು ಅಜ್ಜ. "ಕಾರ್ಖಾನೆಯಲ್ಲಿ ತುಂಬಿದ ಗ್ರೀಸು ಹಂಗೇ ಗಟ್ಟಿಯಾಗಿ ಕೂತಿತ್ತು ಅಂದ್ರೆ ಇದು ಒಂದು ಗುಂಡೂ ಹಾರಿಸಿಲ್ಲ. ಮಸಿ ಇತ್ತು ಅಂದ್ರೆ ಹಾರಿಸಿದೆ. ಒಳಗೆ ಏನಿತ್ತು?"

ಮಾವನ ಬಾಯಿಂದ ನಿಜವಲ್ಲದೆ ಬೇರೆ ಏನೂ ಹೊರಡುವುದಿಲ್ಲವೆಂದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅದಕ್ಕೇ ಅವಳು ಅಜ್ಜನನ್ನು ಬಿಟ್ಟು ಮಾವನ ಮುಖವನ್ನೇ ನೋಡುತ್ತಿದ್ದಳು. ಮಾವ ಕೋವಿಯನ್ನು ನೋಡಿದ, ಅವಳನ್ನು ನೋಡಿದ, ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ.

"ಮಸಿ ಇತ್ತು," ಎಂದ.

ಅಲ್ಲಿಗೆ ನಿಲ್ಲಿಸಿದ್ದರೆ ಆಗಿತ್ತು. ಸುಳ್ಳು ಹೇಳಿ ರೂಢಿಯಿಲ್ಲದವನಿಗೆ ಎಲ್ಲಿ ನಿಲ್ಲಿಸಬೇಕೆಂದು ಹೇಗೆ ತಿಳಿಯಬೇಕು? ರಾಶಿ ಮಸಿ, ಎರಡು ದಿನ ಉಜ್ಜಿದರೂ ಕೈಯಿಂದ ಹೋಗಲಿಲ್ಲ ಎಂದ. ತೊಳೆದು ಇನ್ನೂ ಒಂದೇ ದಿನವಾಗಿತ್ತು. ಬೆವರು ಒರೆಸಿಕೊಂಡು, "ಒಂದೆರಡು ಹಂದಿ ಕೂದಲೂ ಇದ್ವು," ಎಂದು ಸೇರಿಸಿದ.

ಅಜ್ಜ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಮಾವನನ್ನು ಬಹಳ ಹೊತ್ತು ನೋಡಿದರು. ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ಮೇಷ್ಟ್ರ ಮಗಳನ್ನೂ ನೋಡಿದರು. ಆಮೇಲೆ ಕಾಗದ ಎಳೆದುಕೊಂಡು ರೈಫಲ್ಲಿನ ಜಾತಿ, ನಂಬರು, ವಯಸ್ಸು ಬರೆದು, ಕೆಳಗೆ ದಪ್ಪ ಅಕ್ಷರದಲ್ಲಿ 'ಬಳಸಿದ್ದು' ಎಂದು ಬರೆದು ಸಹಿ ಹಾಕಿದರು.

ಕೋವಿ ಮಾವನ ಹೆಸರಿಗೆ ಬಂದು ಗೋಡೆ ಏರಿತು. ಅದನ್ನು ನೋಡಲು ಮೇಷ್ಟ್ರ ಮಗಳು ತನ್ನ ಗಂಡನನ್ನು ಕರೆದುಕೊಂಡು ಬಂದಳು. ಹಂದಿಯ ಕಥೆಗೆ ಎಲ್ಲರಿಗಿಂತ ಹೆಚ್ಚು ನಕ್ಕಿದ್ದವನು ಅವನೇ. ಈಗ ಕೈಕಟ್ಟಿ ನಿಂತು ನೋಡಿದ. ಹೊರಡುವಾಗ ಅವಳು ಗೇಟನ್ನು ಒಮ್ಮೆ ಮುಚ್ಚಿ ತೆರೆದಳು, ಮತ್ತೆ ಮುಚ್ಚಿದಳು.

"ಅಣ್ಣ, ಈ ಗೇಟು ಎಷ್ಟು ಕಿರುಚ್ತಿತ್ತು. ಇದಕ್ಕೆ ಏನು ಹಾಕಿದ್ರಿ?"

ನಾನು ಮಾವನ ಕಾಲು ತುಳಿಯಲು ಕಾಲೆತ್ತಿದೆ. ಮಾವ ಅಷ್ಟರಲ್ಲಿ ಪಳಗಿದ್ದ.

"ಬರೀ ಸೀಮೆಎಣ್ಣೆ ಕಣಮ್ಮ," ಎಂದು ಅಲ್ಲಿಗೇ ನಿಲ್ಲಿಸಿದ.