ಮಾಲಿ ವೀಸಾದ ವೆಲ್ಡರ್

ಸರಕಾರಿ ಕಾಗದವನ್ನು ನಂಬುವುದಾದರೆ ಸವಣೂರಿನ ರೂಪೇಶ ಒಂಬತ್ತು ವರ್ಷದಿಂದ ಗಲ್ಫಿನಲ್ಲಿ ಹೂಗಿಡಗಳಿಗೆ ನೀರು ಹಾಕುತ್ತಿದ್ದ. ವೀಸಾದಲ್ಲಿ ಬರೆದದ್ದೇ ಹಾಗೆ: ಮಾಲಿ. ನಿಜ ಹೇಳಬೇಕೆಂದರೆ ಆ ಮರುಭೂಮಿಯಲ್ಲಿ ಅವನು ಒಂದು ತುಳಸಿಗೂ ಚೊಂಬು ನೀರು ಎರೆದವನಲ್ಲ. ಬೆಳಗಿನಿಂದ ಸಂಜೆಯವರೆಗೆ ಎಣ್ಣೆ ಪೈಪು ಬೆಸೆಯುವುದೇ ಅವನ ಕೆಲಸ. ಆ ವರ್ಷ ಕಂಪನಿಯ ಕೈಯಲ್ಲಿದ್ದದ್ದು ಮಾಲಿಯ ವೀಸಾ, ಮಾಲಿ ಎಂದೇ ಕರೆಸಿಕೊಂಡಿತು. ಇವನೂ ಅವಸರದಲ್ಲಿದ್ದ, ಹಿಂದೆಮುಂದೆ ನೋಡದೆ ಸಹಿ ಹಾಕಿಬಿಟ್ಟ.

ಈ ಸಲ ರಜೆಯಲ್ಲಿ ಊರಿಗೆ ಬಂದಾಗ ಇನ್ನೊಂದು ಕಂಪನಿ ಅವನನ್ನು ಕರೆಯಿತು, ವೆಲ್ಡರ್ ಎಂದೇ. ಆದರೆ ಅನುಭವದ ಕಾಗದ ಬೇಕು. ಹಳೆಯ ಕಂಪನಿಯನ್ನು ಕೇಳಿದರೆ, ನಮ್ಮ ದಾಖಲೆಯಲ್ಲಿ ನೀನು ಮಾಲಿ ಎಂದು ಕೈತೊಳೆದುಕೊಂಡಿತು. ಶನಿವಾರದೊಳಗೆ ಮರಳದಿದ್ದರೆ ಹಳೆಯ ವೀಸಾ ರದ್ದು. ಮರಳಿದರೆ ಕರಾರಿನಂತೆ ಇನ್ನೆರಡು ವರ್ಷ ಮಿಸುಕಾಡುವಂತಿಲ್ಲ. ಕೊನೆಗೆ ಹೊಸ ಕಂಪನಿಯ ಪರೀಕ್ಷಕ, ಕಾಸರಗೋಡಿನ ಕೃಷ್ಣಮೋಹನ, ಒಂದು ದಾರಿ ತೋರಿಸಿದರು. ಗುರುವಾರ ವಿಡಿಯೋ ಕರೆಯಲ್ಲಿ ಅವರ ಕಣ್ಣೆದುರೇ ಪೈಪು ಬೆಸೆಯಬೇಕು, ಆಮೇಲೆ ಬೆಸುಗೆಯನ್ನು ಪಟ್ಟಿಯಾಗಿ ಕತ್ತರಿಸಿ ಬಗ್ಗಿಸಬೇಕು. ಬಿರುಕು ಬಿಡದಿದ್ದರೆ ಕೆಲಸ.

ಜಾಗ ಹುಡುಕಬೇಕಾಗಿರಲಿಲ್ಲ. ಪೇಟೆಯ ಹಿಂದಿರುವ ಮೊಯ್ದಿನಬ್ಬರ ವೆಲ್ಡಿಂಗ್ ಶಾಪಿನಲ್ಲೇ ರೂಪೇಶ ಈ ವಿದ್ಯೆ ಕಲಿತದ್ದು. ಹೆಂಡತಿ ಭವಿತಾ ಮೊಬೈಲ್ ಹಿಡಿದು ನಿಂತಳು. ಮೂರು ಗಂಟೆಗೆ ಸರಿಯಾಗಿ ಕೃಷ್ಣಮೋಹನ ಪರದೆಯ ಮೇಲೆ ಬಂದರು. ರೂಪೇಶ ಮುಖಕ್ಕೆ ಕಪ್ಪು ಗಾಜು ಇಳಿಸಿ ರಾಡು ತಾಗಿಸಿದ. ರಾಡು ಪೈಪಿಗೆ ಅಂಟಿಕೊಂಡಿತು. ಕಿತ್ತು ಮತ್ತೆ ತಾಗಿಸಿದ, ಮತ್ತೆ ಅಂಟಿತು. ಗೋಡೆಯ ವೋಲ್ಟ್ ಮೀಟರಿನಲ್ಲಿ ನಾನೂರರ ಹತ್ತಿರ ಇರಬೇಕಾದ ಮುಳ್ಳು ಮುನ್ನೂರರಲ್ಲಿ ಮಲಗಿತ್ತು.

"ಮೂರು ಗಂಟೆ ಅಂತ ಯಾರು ಹೇಳಿದ್ದು ಮಾರಾಯ?" ಮೊಯ್ದಿನಬ್ಬ ತಲೆ ಚಚ್ಚಿಕೊಂಡರು. "ಈ ವಾರ ತೋಟಕ್ಕೆ ತ್ರೀಫೇಸ್ ಬರುದೇ ಮೂರಕ್ಕೆ. ಎಲ್ಲರ ಪಂಪು ಒಟ್ಟಿಗೆ ಸ್ಟಾರ್ಟ್ ಆಗುದು."

"ನಾನೇ ಹೇಳಿದ್ದು ಕಾಕ. ನೆನಪೇ ಆಗ್ಲಿಲ್ಲ."

ಒಂಬತ್ತು ವರ್ಷ ಊರು ಬಿಟ್ಟವನಿಗೆ ಪಂಪಿನ ಹೊತ್ತು ಎಲ್ಲಿಂದ ನೆನಪಿರಬೇಕು. ಅವನಿಗೆ ತನ್ನ ಮೇಲೇ ಸಿಟ್ಟು ಬಂತು.

"ನಾಲ್ಕಕ್ಕೆ ನನಗೆ ಮೀಟಿಂಗ್ ಉಂಟು," ಎಂದರು ಕೃಷ್ಣಮೋಹನ. "ಇವತ್ತು ಆಗದಿದ್ರೆ ಮತ್ತೆ ಮುಂದಿನ ವಾರವೇ."

ಮುಂದಿನ ವಾರ ಎಂದರೆ ಶನಿವಾರ ಕಳೆದು. ಭವಿತಾ ಮೊಬೈಲನ್ನು ಮೊಯ್ದಿನಬ್ಬರ ಕೈಗೆ ತುರುಕಿದಳು. "ಮೊದಲು ನಮ್ಮ ಪಂಪು ಆಫ್ ಮಾಡ್ತೇನೆ. ಮತ್ತೆ ಒಂದೊಂದೇ ಮನೆಗೆ ಹೋಗಿ ಕೇಳುದು," ಎಂದು ಸ್ಕೂಟರ್ ಹತ್ತಿದಳು.

ರೂಪೇಶ ಮುಳ್ಳನ್ನೇ ನೋಡುತ್ತ ನಿಂತ. ಮಾರ್ಚಿನ ಬಿಸಿಲಿನಲ್ಲಿ ಯಾರು ತಮ್ಮ ತೋಟದ ನೀರು ನಿಲ್ಲಿಸುತ್ತಾರೆ? ಐದು ನಿಮಿಷ ಏನೂ ಇಲ್ಲ. ಆಮೇಲೆ ಮುಳ್ಳು ಕೊಸರಿತು. "ಅದು ನಿನ್ನ ಮನೆಯದ್ದು," ಎಂದರು ಮೊಯ್ದಿನಬ್ಬ. ಮುನ್ನೂರ ಇಪ್ಪತ್ತು. "ಇದು ಬೆಳ್ಯಪ್ಪಣ್ಣನದ್ದು." ಮುನ್ನೂರ ನಲವತ್ತು. ಮತ್ತೊಂದು ಮನೆ, ಮತ್ತೊಂದು. ರೂಪೇಶ ಮತ್ತೆ ರಾಡು ಕೈಗೆತ್ತಿಕೊಂಡ. ಮುನ್ನೂರ ಅರುವತ್ತರಲ್ಲಿ ಮುಳ್ಳು ನಿಂತೇಬಿಟ್ಟಿತು.

"ಇನ್ನು ಚನಿಯಪ್ಪ ಗೌಡರದ್ದು ಮಾತ್ರ," ಮೊಯ್ದಿನಬ್ಬ ಸ್ವರ ತಗ್ಗಿಸಿದರು. ಹತ್ತು ಎಚ್‌ಪಿ ಪಂಪಿನ ಚನಿಯಪ್ಪ ಗೌಡರು ಸ್ವಂತ ತಮ್ಮನಿಗೂ ಒಂದು ಕೊಡ ನೀರು ಬಿಡದ ಆಸಾಮಿ.

ಮೂರೂವರೆ ದಾಟಿತು. ರೂಪೇಶ ಆಸೆ ಬಿಟ್ಟು ಕೈಗವಸು ಕಳಚುತ್ತಿದ್ದ. ಅಷ್ಟರಲ್ಲಿ ಮುಳ್ಳು ಒಮ್ಮೆಲೇ ನಾನೂರಕ್ಕೆ ಹಾರಿತು.

ಆಮೇಲೆ ಅವನಿಗೆ ಲೋಕವೇ ಕಾಣಲಿಲ್ಲ. ರಾಡು ಸರಾಗವಾಗಿ ಹರಿಯಿತು. ಬೆಸುಗೆ ತಣಿಸಿ, ಪಟ್ಟಿಯಾಗಿ ಕತ್ತರಿಸಿ, ವೈಸಿನ ದವಡೆಗೆ ಸಿಕ್ಕಿಸಿ ಸುತ್ತಿಗೆಯಿಂದ ಬಡಿದ. ಪಟ್ಟಿ ಕುದುರೆ ಲಾಳದಂತೆ ಬಾಗಿತು. ಮೊಯ್ದಿನಬ್ಬ ಮೊಬೈಲನ್ನು ಅದರ ಹತ್ತಿರ ಒಯ್ದರು. ಕೃಷ್ಣಮೋಹನ ತುಂಬ ಹೊತ್ತು ನೋಡಿದರು.

"ಬಿರುಕು ಇಲ್ಲ. ನಾಳೆ ಕೆಲಸದ ಕಾಗದ ಕಳಿಸ್ತೇನೆ."

ರೂಪೇಶನಿಗೆ ಕುಣಿಯುವಷ್ಟು ಖುಷಿಯಾಯಿತು. ಭವಿತಾ ಬೆವರು ಒರೆಸುತ್ತ ಒಳಗೆ ಬಂದಳು. ಅವಳ ಹಿಂದೆಯೇ ಚನಿಯಪ್ಪ ಗೌಡರು.

"ಆಯ್ತಾ ನಿನ್ನದು? ನನ್ನ ಕೆಳಗಿನ ಸಾಲಿನ ಸಸಿಗಳಿಗೆ ನೀರು ಮುಟ್ಲಿಲ್ಲ. ನೀನೇ ಹೊತ್ತು ಹಾಕ್ಬೇಕು ಅಂತ ಇವಳತ್ರ ಮಾತಾಗಿದೆ."

ಮರುದಿನ ಮಧ್ಯಾಹ್ನ ಕಾಗದ ಬಂತು. ಉದ್ಯೋಗ ಎಂಬಲ್ಲಿ ವೆಲ್ಡರ್ ಎಂದಿತ್ತು. ರೂಪೇಶ ಅದನ್ನು ಮೂರು ಸಲ ಓದಿದ, ಕಣ್ಣು ತುಂಬಿತು. ಶನಿವಾರದ ಟಿಕೆಟ್ ರದ್ದು ಮಾಡಿದ. ಆಮೇಲೆ ಎರಡು ಕೊಡ ಹಿಡಿದು ಚನಿಯಪ್ಪ ಗೌಡರ ತೋಟಕ್ಕೆ ಇಳಿದ. ಒಂಬತ್ತು ವರ್ಷ ವೀಸಾದಲ್ಲಿದ್ದ ಕೆಲಸವನ್ನು ಅವನು ಅಂದು ಮೊದಲ ಸಲ ಮಾಡಿದ.