ಕುನ್ನಿಗೆ ಶರಣು ಕಲಿಸಿದ್ದು

ಎಂಬತ್ತರ ದಶಕದ ಆರಂಭದ ಒಂದು ಬೇಸಿಗೆಯಲ್ಲಿ ನಾನು ಸರಸಂಬಾದಿಂದ ಮಣ್ಣೂರಿಗೆ ಸೊಸೆಯಾಗಿ ಬಂದೆ. ನನ್ನ ಜೊತೆ ತವರಿನ ಐದು ಬುಟ್ಟಿ ಬಂದವು. ನಾಲ್ಕರಲ್ಲಿ ಉಂಡಿ, ಕರಚಿಕಾಯಿ, ಚಕ್ಕಲಿ, ಶೇಂಗಾದ ಹೋಳಿಗೆ. ಐದನೆಯದರಲ್ಲಿ ಎರಡು ಮುಂಗುಸಿ ಮರಿ. ನಮ್ಮ ಕಡೆ ಮುಂಗಲಿ ಅನ್ನುತ್ತೇವೆ.

ಓಣಿಯ ಹೆಂಗಸರಿಗೆ ಹಂಚಲು ಅತ್ತೆ ಒಂದೊಂದೇ ಬುಟ್ಟಿಯ ಮುಚ್ಚಳ ತೆಗೆದರು. ಐದನೆಯದನ್ನು ಎತ್ತಿ, "ಇದ್ರಾಗೇನದ ಬೇ, ಇಷ್ಟು ಹಗುರ ಅದ," ಅಂದರು. ನಾನು ಬಾಯಿ ಬಿಡುವ ಮೊದಲೇ ಮುಚ್ಚಳ ಹೋಯಿತು, ಮರಿಗಳೂ ಹೋದವು. ಒಂದು ಜೋಳದ ಚೀಲಗಳ ಸಂದಿಗೆ, ಇನ್ನೊಂದು ಓಣಿಯ ಮುದುಕಿಯೊಬ್ಬಳ ಸೆರಗಿನೊಳಗೆ. ಆಕೆ ಸಾಯುವತನಕ ನನ್ನನ್ನು ಕಂಡಲ್ಲೆಲ್ಲ ಸೆರಗು ಝಾಡಿಸಿಕೊಳ್ಳುತ್ತಿದ್ದಳು.

ಆ ಮರಿಗಳು ಚಳಿಗಾಲದಲ್ಲಿ ನಮ್ಮಪ್ಪನ ಹೊಲದ ಒಡ್ಡು ಸರಿಮಾಡುವಾಗ ಕಲ್ಲಿನ ಕೆಳಗೆ ಸಿಕ್ಕಿದ್ದವು. ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಸಂಜೆಯತನಕ ಕಾದರೂ ತಾಯಿ ತಿರುಗಿ ಬರಲಿಲ್ಲ. ಆಡಿನ ಹಾಲಿನಲ್ಲಿ ಅರಿವೆಯ ಬತ್ತಿ ಅದ್ದಿ ಚೀಪಿಸಿ ಬೆಳೆಸಿದೆ. ಮದುವೆ ಗೊತ್ತಾದಾಗ ಅವ್ವ, "ಅವನ್ನ ಇಲ್ಲೇ ಬಿಟ್ಟು ಹೋಗು," ಅಂದಳು. ನಾನು ಕೇಳಲಿಲ್ಲ. ಗಂಡನನ್ನು ಅಪ್ಪ ಅವ್ವ ಆರಿಸಿದ್ದರು, ಸೀರೆಯನ್ನು ಅವರು ಆರಿಸಿದ್ದರು, ಊರನ್ನೂ ಅವರೇ ಆರಿಸಿದ್ದರು. ನನ್ನ ಕೈಯಾರೆ ಆರಿಸಿಕೊಂಡದ್ದು ಈ ಎರಡು ಮಾತ್ರ.

ಮಾವನವರು ಊರ ಪಂಚರಲ್ಲಿ ಹಿರಿಯರು. ಹೊಲದ ಬದುವಿನ ಜಗಳ, ಅಣ್ಣತಮ್ಮಂದಿರ ಪಾಲು, ಎಲ್ಲದಕ್ಕೂ ಜನ ಅವರ ಕಟ್ಟೆಗೆ ಬರುತ್ತಿದ್ದರು. ಅವರು ಒಮ್ಮೆ ಹೇಳಿದರೆ ಮುಗಿಯಿತು. ಮೂರನೇ ದಿನವೇ ನನ್ನನ್ನು ಕರೆಸಿ, "ಇದು ಲಿಂಗವಂತರ ಮನಿ. ಕೊಂದು ತಿನ್ನೋ ಪ್ರಾಣಿ ಇಲ್ಲಿ ನಡ್ಯಾಂಗಿಲ್ಲ," ಅಂದರು.

"ನಿಮ್ಮ ಜ್ವಾಳದ ಚೀಲ ಇಲಿ ಕಡದಾವ್ರಿ ಮಾವಾರ. ಇವು ಇದ್ರ ಇಲಿ ಬರಂಗಿಲ್ಲ," ಅಂದೆ.

ಮೂರು ದಿನದ ಸೊಸೆ ಎದುರು ಮಾತಾಡಿದ್ದಕ್ಕೆ ಅತ್ತೆಯ ಕೈಯ ರೊಟ್ಟಿ ಹಂಚಿನ ಮೇಲೇ ಸೀದಿತು. ಆದರೆ ಎಂಟು ದಿನದಲ್ಲಿ ಇಲಿಗಳು ಕಾಣೆಯಾದವು. ಮಾವ ಚೀಲಗಳನ್ನು ತಾವೇ ತಿರುವಿ ನೋಡಿದರು. ನಾನು ಒಳಗೊಳಗೆ ಖುಷಿಪಟ್ಟೆ.

ಮುಂದಿನ ವಾರ ಅವರು ಕರಜಗಿಗೆ ಹೋಗಿ, ಕಬ್ಬು ಬೆಳೆಯುವ ಪರಿಚಯದವರೊಬ್ಬರ ಮನೆಯಿಂದ ಗಂಡು ನಾಯಿಕುನ್ನಿ ತಂದರು. ಕಂದು ಬಣ್ಣ, ನಾಲ್ಕೂ ಕಾಲು ಬಿಳಿ, ಎರಡು ತಿಂಗಳಿನದು. ಮನೆ ಕಾಯಲು ಅಂದರು. ಅದನ್ನು ಅಂಗಳದಲ್ಲಿ ಇಳಿಸಿದ್ದೇ ತಡ, ಮುಂಗುಸಿಗಳನ್ನು ನೋಡಿ ಜಿಗಿಯಿತು. ಒಂದು ಮುಂಗುಸಿ ಕೂದಲು ನಿಮಿರಿಸಿ ಎರಡು ಪಟ್ಟು ಉಬ್ಬಿ ಕುನ್ನಿಯ ಮೂಗು ಕಚ್ಚಿತು. ಇನ್ನೊಂದರ ಹೆಗಲು ಕುನ್ನಿಯ ಬಾಯೊಳಗೆ ಸಿಕ್ಕಿತು. ನಾನು ಅದರ ದವಡೆ ಬಿಡಿಸಿ ಮುಂಗುಸಿಯನ್ನು ಎತ್ತಿಕೊಂಡೆ. ಹೆಗಲು ಹರಿದಿತ್ತು, ಅರಿಷಿಣ ಒತ್ತಿದೆ.

"ನೋಡಿದ್ಯೇನು?" ಅಂದರು ಮಾವ. "ಎರಡೂ ಕೂಡಿ ಇರಂಗಿಲ್ಲ. ಮನಿಗಿ ನಾಯಿ ಬೇಕು. ಅವನ್ನ ಒಯ್ದು ಹೊಳಿ ದಂಡಿಗಿ ಬಿಟ್ಟು ಬರ್ರಿ."

ಭೀಮಾ ದಂಡೆಯಲ್ಲಿ ಬೀದಿನಾಯಿಗಳು ಹಿಂಡು ಹಿಂಡಾಗಿ ತಿರುಗುತ್ತಿದ್ದವು. ಮನೆಯ ಹಾಲುಂಡು ಮನುಷ್ಯರ ಮಡಿಲಲ್ಲಿ ಮಲಗಿ ಕಲಿತ ನನ್ನ ಮುಂಗುಸಿಗಳು ನಾಯಿ ಬಂದರೆ ಓಡಬೇಕೆಂದೂ ಅರಿಯದವು. ಒಂದು ಸಂಜೆ ದಾಟುತ್ತಿರಲಿಲ್ಲ.

"ನಾನು ಕುನ್ನಿಗಿ ಕಲಿಸ್ತೇನ್ರಿ," ಅಂದೆ.

"ಏನು ಕಲಿಸ್ತಿ?"

"ಮುಟ್ಟಬಾರ್ದು ಅಂತ."

ಮಾವ ನಕ್ಕರು. "ನಾಯಿ ಬಾಲ ನಳಗಿಯೊಳಗ ಇಟ್ರೂ ಡೊಂಕೇ. ಆತು, ನಿನಗ ಮೂರು ಸೋಮವಾರ ಕೊಟ್ಟೇನಿ. ಮೂರನೇ ಸೋಮವಾರ ಹಗ್ಗ ಬಿಚ್ಚಿ ತೋರಿಸು. ಆಗ್ಲಿಲ್ಲಂದ್ರ ಮುಂಗಲಿ ಹೊಳಿಗಿ." ಸೋಮವಾರ ಎತ್ತು ಹೂಡುವುದಿಲ್ಲವಾದ್ದರಿಂದ ಮನೆಯವರೆಲ್ಲ ಅವತ್ತು ಮನೆಯಲ್ಲೇ ಇರುತ್ತಿದ್ದರು.

ನಾಯಿ ಪಳಗಿಸುವುದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಎತ್ತು ಪಳಗಿಸುವುದು. ತವರಿನಲ್ಲಿ ಹೊಸ ಎತ್ತನ್ನು ಹಳೆಯದರ ಜೋಡಿಗೆ ಹಾಕುವಾಗ ಅಪ್ಪ ಒಮ್ಮೆಲೇ ನೊಗ ಹಚ್ಚುತ್ತಿರಲಿಲ್ಲ. ಮೊದಲು ದೂರದೂರ ಕಟ್ಟುತ್ತಿದ್ದ. ಹಳೆಯದು ಮಲಗಿದ ಹುಲ್ಲನ್ನು ಹೊಸದರ ಕಾಲಡಿ ಹಾಕುತ್ತಿದ್ದ. ಆಮೇಲೆ ಒಂದೇ ಗೋದಲಿಯ ಎರಡು ತುದಿಗೆ ಮೇವು. ದಿನಕ್ಕೊಂದು ಮೊಳ ಹತ್ತಿರ. ನಾನೂ ಹಾಗೇ ಮಾಡಿದೆ.

ಮುಂಗುಸಿಗಳು ಮಲಗುವ ಕೌದಿ ಚೂರನ್ನು ಕುನ್ನಿಗೆ ಹಾಸಿದೆ, ಕುನ್ನಿಯದನ್ನು ಅವುಗಳ ಬುಟ್ಟಿಗೆ. ಕುನ್ನಿ ಮೊದಲ ದಿನ ಆ ಚೂರನ್ನು ಹರಿದು ಚಿಂದಿ ಮಾಡಿತು, ನಾಲ್ಕನೇ ದಿನ ಅದರ ಮೇಲೇ ನಿದ್ದೆ ಹೋಯಿತು. ಅದನ್ನು ಪಡಸಾಲೆಯ ಕಂಬಕ್ಕೆ ಕಟ್ಟಿ ಮಜ್ಜಿಗೆಯಲ್ಲಿ ರೊಟ್ಟಿ ಮುರಿದು ಹಾಕುತ್ತಿದ್ದೆ. ಅಂಗಳದ ಆ ತುದಿಯಲ್ಲಿ ಬುಟ್ಟಿ ಮಗುಚಿ ಹಾಕಿ ಅದರೊಳಗೆ ಮುಂಗುಸಿಗಳಿಗೆ ಹಾಲು. ಕುನ್ನಿ ಅತ್ತ ನೋಡದೆ ನನ್ನ ಕಡೆ ನೋಡಿದರೆ ಒಂದು ಚೂರು ಬೆಲ್ಲ. ದಿನಾ ಬುಟ್ಟಿ ಒಂದು ಮೊಳ ಈಚೆ. ಅದಕ್ಕಿಂತ ಮೊದಲು ಕುನ್ನಿಯನ್ನು ಬಾವಿಯತನಕ ಓಡಿಸಿ ದಣಿಸುತ್ತಿದ್ದೆ. ಮೈಯಲ್ಲಿ ಸೊಕ್ಕಿದ್ದಾಗ ಯಾರೂ ಕಲಿಯುವುದಿಲ್ಲ, ನಾಯಿಯೂ ಕಲಿಯುವುದಿಲ್ಲ. ನಾನು ಪಕ್ಕದಲ್ಲಿಲ್ಲದೆ ಅವನ್ನು ಒಂದು ಕ್ಷಣವೂ ಕೂಡಿ ಬಿಡಲಿಲ್ಲ.

ಕೆಲಸ ಸಾಗಿತು, ಆದರೆ ಒಂದು ಮಾತು ಬೇಕಿತ್ತು. ಜಿಗಿಯಲು ಹೊರಟಾಗ ತಡೆಯುವ ಮಾತು. "ಹಚ್" ಅಂದರೆ ಬಾಲ ಮುದುರಿ ಹೊರಗೇ ಓಡುತ್ತಿತ್ತು. "ಬ್ಯಾಡ" ಅಂದರೆ ಕಿವಿಯನ್ನೂ ಆಡಿಸುತ್ತಿರಲಿಲ್ಲ. ಅದರ ತಪ್ಪಲ್ಲ. ಆ ಮನೆಯಲ್ಲಿ ದಿನಕ್ಕೆ ನೂರು ಸಲ ಆ ಮಾತು ಕೇಳುತ್ತಿತ್ತು, ಹೆಚ್ಚಿನವು ನನಗೇ.

ಒಂದು ಮುಂಜಾನೆ ಯಾರೋ ಬಾಗಿಲಿಗೆ ಬಂದು "ಶರಣ್ರೀ" ಅಂದರು. ಮಾವ ಒಳಗಿನಿಂದ "ಶರಣು ಶರಣು, ಬರ್ರಿ" ಅಂದರು. ಎಲ್ಲರ ದನಿಯೂ ತಗ್ಗಿತು. ಆಗ ನನಗೆ ಹೊಳೆಯಿತು. ಈ ಮನೆಯಲ್ಲಿ ಯಾರೂ ಸಿಟ್ಟಿನಲ್ಲಿ ಆಡದ ಮಾತು ಇದೊಂದೇ. ಅವತ್ತೇ ಶುರು ಮಾಡಿದೆ. "ಶರಣು" ಅನ್ನುವುದು, ಬೆಲ್ಲವನ್ನು ನೆಲದ ಹತ್ತಿರ ಹಿಡಿಯುವುದು, ಕುನ್ನಿಯ ಎದೆ ನೆಲಕ್ಕೆ ತಾಗಿದರೆ ಕೊಡುವುದು. ಐದು ದಿನದಲ್ಲಿ ಕಲಿಯಿತು. ಶರಣು ಅಂದರೆ ಸಾಕು, ಮುಂಗಾಲು ಚಾಚಿ ಗಲ್ಲ ನೆಲಕ್ಕಿಟ್ಟು ಅಡ್ಡ ಬೀಳುತ್ತಿತ್ತು.

ಅತ್ತೆ ಹೌಹಾರಿದರು. "ನಾಯಿಗಿ ಶರಣು ಅಂತಾರೇನು ಬೇ? ಪಾಪ ಹತ್ತತದ."

"ನಾ ನಾಯಿಗಿ ಅನ್ನಂಗಿಲ್ರಿ ಅತ್ತಿ, ನಾಯಿನೇ ನನಗ ಮಾಡಾಕತ್ತದ," ಅಂದೆ. "ಎಲ್ಲಾ ಜೀವಕ್ಕೂ ದಯಾ ಇರಬೇಕಂತ ದಿನಾ ಹೇಳ್ತೀರಿ. ಒಂದು ಮಾತು ಕೊಟ್ರ ಸವದು ಹೋಗ್ತದೇನು?"

ಅತ್ತೆ ಒಲೆಯ ಕಡೆ ತಿರುಗಿದರು. ಆದರೆ ಮರುದಿನದಿಂದ ನಾನು ಕೇಳದೆಯೇ ಬೆಲ್ಲದ ಚೂರುಗಳು ಕಂಬದ ಪಕ್ಕದ ಗೂಡಿನಲ್ಲಿ ಇರುತ್ತಿದ್ದವು.

ತಪ್ಪು ಎಲ್ಲಿ ಮಾಡಿದೆನೆಂದು ತಿಳಿದದ್ದು ಎರಡನೇ ಸೋಮವಾರ. ಹೊಲದ ಬದುವಿಗಾಗಿ ಮಾವನವರ ಜೊತೆ ವರ್ಷಗಟ್ಟಲೆ ಜಗಳವಾಡಿದ್ದ ಪಕ್ಕದ ಹೊಲದವನು ಮನೆಗೆ ಬಂದ. ಮಾವ ನಾಲ್ಕು ಜನರ ಮುಂದೆ ಕುನ್ನಿಯನ್ನು ತೋರಿಸಿ, "ಕರಜಗಿ ನಾಯಿ. ಹೊರಗಿನವ್ರನ್ನ ಒಳಗ ಬಿಡಂಗಿಲ್ಲ," ಅನ್ನುತ್ತಿದ್ದರು. ಆತ ಹೊಸ್ತಿಲಲ್ಲಿ ನಿಂತು "ಶರಣ್ರೀ" ಅಂದ. ಕುನ್ನಿ ಓಡಿ ಹೋಗಿ ಆತನ ಪಾದದ ಮುಂದೆ ಗಲ್ಲ ನೆಲಕ್ಕಿಟ್ಟು ಮಲಗಿತು.

ಮಣ್ಣೂರಿನಲ್ಲಿ ಬಾಗಿಲಿಗೆ ಬಂದವರು ಬೇರೇನು ಅನ್ನುತ್ತಾರೆ? ಕಾಯುವ ನಾಯಿಗೆ ನಾನು ಕಲಿಸಿದ್ದು ಇಡೀ ಊರಿಗೆ ಅಡ್ಡ ಬೀಳುವುದನ್ನು. ಸಂಜೆಯೊಳಗೆ ಸುದ್ದಿ ಹರಡಿತು. ಹಾದಿಯಲ್ಲಿ ಹೋಗುವವರೂ ನಿಂತು ಶರಣು ಅಂದು, ಕುನ್ನಿ ಮಲಗಿದ್ದನ್ನು ನೋಡಿ ನಗುತ್ತ ಹೋದರು. ತಪ್ಪು ನನ್ನದೇ, ಇವತ್ತಿಗೂ ಒಪ್ಪುತ್ತೇನೆ. ಆದರೆ ಮಾತು ಬದಲಿಸಲು ಇನ್ನೊಂದೇ ವಾರ ಉಳಿದಿತ್ತು, ಹೊಸ ಮಾತು ಕಲಿಸಲು ಹೋಗಿ ಇದ್ದದ್ದೂ ಕೆಟ್ಟರೆ ಹೊಳೆಗೆ ಹೋಗುವವು ನನ್ನ ಮುಂಗುಸಿಗಳು. ನಕ್ಕರೆ ನಗಲಿ ಎಂದು ಅದನ್ನೇ ಮುಂದುವರಿಸಿದೆ.

ಮೂರನೇ ಸೋಮವಾರ ಪೂಜೆ ಮುಗಿಸಿ ಮಾವ ಅಂಗಳದಲ್ಲಿ ಹೊರಸು ಹಾಕಿಕೊಂಡು ಕೂತರು. ಅತ್ತೆ ಅಡುಗೆಮನೆ ಬಾಗಿಲಲ್ಲಿ, ನಮ್ಮ ಮನೆಯವರು ಗೋಡೆಗೆ ಒರಗಿ. ಅವರು ಒಳ್ಳೆಯವರು, ಆದರೆ ತಮ್ಮ ಅಪ್ಪನ ಮುಂದೆ ಗೋಡೆಗೂ ಅವರಿಗೂ ಫರಕು ಇರುತ್ತಿರಲಿಲ್ಲ. ನಾನು ಹಗ್ಗ ಬಿಚ್ಚಿದೆ, ಬುಟ್ಟಿಯ ಮುಚ್ಚಳ ತೆಗೆದೆ.

ಮುಂಗುಸಿಗಳು ಹೊರಬಂದು ಒರಳಿನ ಬುಡ ಕೆದರತೊಡಗಿದವು. ಕುನ್ನಿ ನೋಡಿತು, ನನ್ನನ್ನು ನೋಡಿತು, ಕೂತಿತು. ಹೆಗಲಿಗೆ ಗಾಯವಾಗಿದ್ದ ಮುಂಗುಸಿ ಹಿಂದಿನಿಂದ ಬಂದು ಅದರ ಬಾಲ ಮೂಸಿತು. ಕುನ್ನಿಯ ಮೈ ನಡುಗಿತು, ಆದರೆ ಎದ್ದೇಳಲಿಲ್ಲ. ನನ್ನ ಎದೆ ಹಗುರಾಯಿತು.

ಆಗ ಮಾವ ಚಪ್ಪಾಳೆ ಹೊಡೆದು, "ಛೂ," ಅಂದರು.

ಹೊಲದಲ್ಲಿ ಹಂದಿಯ ಮೇಲೆ ನಾಯಿ ಬಿಡುವ ಮಾತು ಅದು. ಬೆಳಿಗ್ಗೆ ಬೆಳಿಗ್ಗೆ ಹೊಲಕ್ಕೆ ಒಯ್ದು ಅವರು ಅದನ್ನು ಕಲಿಸುತ್ತಿದ್ದರೆಂದು ನನಗೆ ಆಗಲೇ ತಿಳಿದದ್ದು. ಕುನ್ನಿ ಒಂದೇ ನೆಗೆತಕ್ಕೆ ಎದ್ದಿತು. ನಾನು "ಶರಣು" ಅಂದೆ. ಬಿದ್ದಿತು. "ಛೂ" ಅಂದರು. ಅರ್ಧ ಎದ್ದಿತು. "ಶರಣು" ಅಂದೆ. ಆ ಜೀವ ಅವರನ್ನೊಮ್ಮೆ ನನ್ನನ್ನೊಮ್ಮೆ ನೋಡಿ, ಕುಂಯ್ಗುಟ್ಟಿ, ಮಲಗಿದಲ್ಲೇ ಉಚ್ಚೆ ಹೊಯ್ದುಕೊಂಡಿತು. ಆದರೆ ಏಳಲಿಲ್ಲ. ಮುಂಗುಸಿ ಅದರ ಬೆನ್ನು ಹತ್ತಿ ಇಳಿದು ಹೋಯಿತು.

ನನಗೆ ಗೆದ್ದ ಸಂತೋಷವಾಗಲಿಲ್ಲ. ಮೈಯೆಲ್ಲ ಉರಿಯುತ್ತಿತ್ತು. ಅಷ್ಟು ಚಿಕ್ಕ ಪ್ರಾಣಿಯನ್ನು ಎರಡು ಮಾತುಗಳ ನಡುವೆ ಹಿಂಡಿದ್ದಕ್ಕೆ.

"ನನ್ನ ನಾಯಿ ಕೆಡಿಸಿದಿ," ಅಂದರು ಮಾವ. "ಕಂಡಕಂಡವ್ರಿಗಿ ಕಾಲು ಬೀಳ್ತದ." ಮಗನ ಕಡೆ ತಿರುಗಿ, "ಅವನ್ನ ಬುಟ್ಟ್ಯಾಗ ಹಾಕಿ ಹೊಳಿಗಿ ಒಯ್ಯಿ," ಅಂದರು.

ನಮ್ಮ ಮನೆಯವರು ಮುಂಗುಸಿಗಳನ್ನು ಹಿಡಿದು ಬುಟ್ಟಿಗೆ ಹಾಕಿದರು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಮಾವಾರ, ನೀವು ಮೂರು ಸೋಮವಾರ ಅಂದ್ರಿ, ಮೂರು ಆದವು. ಹಗ್ಗ ಬಿಚ್ಚು ಅಂದ್ರಿ, ಬಿಚ್ಚಿದೆ. ನಾಯಿ ಮುಟ್ಟಲಿಲ್ಲ. ನೀವು ಛೂ ಅಂದ್ರೂ ಮುಟ್ಟಲಿಲ್ಲ. ಊರವ್ರಿಗೆಲ್ಲ ಮಾತಿಗಿ ತಪ್ಪಬ್ಯಾಡ್ರಿ ಅಂತ ನ್ಯಾಯ ಹೇಳವ್ರು ನೀವು. ಈಗ ನಾ ಮಾತಿಗಿ ತಪ್ಪಿದೆ ಅಂತ ನಿಮ್ಮ ಬಾಯಿಲೇ ಅನ್ರಿ. ಅಂದ್ರ ಆ ಬುಟ್ಟಿ ನಾನೇ ಒಯ್ತೇನಿ. ಹೊಳಿಗಲ್ಲ, ಸರಸಂಬಾಕ್ಕ. ತಿರುಗಿ ಬರಂಗಿಲ್ಲ."

ಮಾವನವರ ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು. ಹೆದರಿಕೆಯಾಗಲಿಲ್ಲ ಅಂದರೆ ಸುಳ್ಳಾಗುತ್ತದೆ, ಆದರೆ ಬಾಗಿಲು ಬಿಡಲಿಲ್ಲ. ಆಗ ಅತ್ತೆ ಅಡುಗೆಮನೆಯಿಂದ ನಡೆದು ಬಂದು ಮಗನ ಕೈಯಿಂದ ಬುಟ್ಟಿ ತೆಗೆದುಕೊಂಡರು. ಅದನ್ನು ಒಳಗೆ ಅದರ ಜಾಗದಲ್ಲಿ ಇಟ್ಟು ಬಂದರು.

"ರೊಟ್ಟಿ ಆರಾಕತ್ತಾವ, ಉಣ್ಣಾಕ ಬರ್ರಿ," ಅಂದರು. ಗಂಡನ ಮುಖ ನೋಡದೆ ಅಂದರು.

ಮಾವ ಎದ್ದು ಕೈ ತೊಳೆದರು. ನೀನು ಮಾತಿಗೆ ತಪ್ಪಿದಿ ಅನ್ನಲಿಲ್ಲ, ಮುಂಗುಸಿ ಇರಲಿ ಅಂತಲೂ ಅನ್ನಲಿಲ್ಲ. ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟರು. ನಾನು ಎದುರಿಗಿದ್ದರೂ ಅತ್ತೆಗೆ, "ಆಕಿಗಿ ಹೇಳು, ನೀರು ತರ್ಲಿ," ಅನ್ನುತ್ತಿದ್ದರು. ನಾನು ನೀರು ತಂದು ಅತ್ತೆಯ ಕೈಗೆ ಕೊಡುತ್ತಿದ್ದೆ. ಓಣಿಯವರು ನಮ್ಮಿಬ್ಬರಿಗೇ ಹಾವು-ಮುಂಗಲಿ ಅಂತ ಹೆಸರಿಟ್ಟರು. ಇಡಲಿ ಬಿಡು ಅಂದುಕೊಂಡೆ.

ಮುಂಗುಸಿಗಳು ಮನೆಯೊಳಗೇ ಇದ್ದವು. ಮಳೆಗಾಲ ಕಳೆಯುವ ಹೊತ್ತಿಗೆ ಕುನ್ನಿ ನಾಯಿಯಾಗಿ ಬೆಳೆದು, ಮಧ್ಯಾಹ್ನ ಮೂರೂ ಒಂದೇ ನೆರಳಲ್ಲಿ ಮಲಗುತ್ತಿದ್ದವು. ಆಮೇಲೆ ಒಂದು ಮುಂಗುಸಿ ಹಿತ್ತಲ ಗೋಡೆ ದಾಟಿ ಹೋಗಿ ಎರಡು ದಿನ ಬಿಟ್ಟು ಬಂತು. ಮತ್ತೆ ಹೋಯಿತು. ಜೊತೆಗೆ ಇನ್ನೊಂದೂ ಹೋಯಿತು. ಈಗ ಅವು ನಾಯಿಯನ್ನು ಬಲ್ಲವು, ಬೆಳೆದಿದ್ದವು, ಹಲ್ಲು ಗಟ್ಟಿಯಾಗಿದ್ದವು. ವಾರ ಕಳೆದರೂ ಬರಲಿಲ್ಲ. ನಾನು ಹಿತ್ತಲಲ್ಲಿ ಕೂತು ಜೋರಾಗಿಯೇ ಅತ್ತುಬಿಟ್ಟೆ. ಬಂದರೆ ಬರಲೆಂದು ಹಿತ್ತಲ ಬಾಗಿಲು ಮಾತ್ರ ಹಾಕಲಿಲ್ಲ.

ಓಣಿಯವರು, "ಇಷ್ಟು ಹೊಡೆದಾಡಿ ಏನು ಬಂತು ಬೇ? ಕಡೀಕ ಹೋದವಲ್ಲ," ಅಂದರು.

ಎಂಟನೇ ದಿನ ಮಾವ ಹಿತ್ತಲಿಗೆ ಬಂದರು. ಖಾಲಿ ಬುಟ್ಟಿಯನ್ನು ನೋಡಿದರು. ಆ ಸೋಮವಾರದ ಮೇಲೆ ಮೊದಲ ಸಲ ನೇರವಾಗಿ ನನ್ನನ್ನು ಕೇಳಿದರು, "ಹೋದವೇನು?"

"ಹೋದವ್ರಿ."

"ನಾ ಆವತ್ತೇ ಹೇಳಿದ್ದೆ, ಅವು ಮನ್ಯಾಗ ಇರೋ ಪ್ರಾಣಿ ಅಲ್ಲಂತ."

ನಾನು ಕಣ್ಣು ಒರೆಸಿಕೊಂಡು ಅವರ ಮುಖ ನೋಡಿದೆ.

"ನೀವು ಹೇಳಿದ್ದಕ್ಕ ಹೋಗಿಲ್ರಿ ಮಾವಾರ," ಅಂದೆ. "ತಮಗ ಹೋಗಬೇಕನಿಸ್ತು, ಹೋದವು."

ಅವರೂ ಹಿತ್ತಲ ಬಾಗಿಲು ಹಾಕದೆ ಒಳಗೆ ಹೋದರು.