ಕುದಿಸಿದರೆ ಕಲ್ಲು ಸಾಯುವುದಿಲ್ಲ

ಬೆಳಗಿನ ಎಂಟಕ್ಕೆ ಇನ್ನೂ ಹತ್ತು ನಿಮಿಷವಿದೆ. ನವೆಂಬರಿನ ಆಮ್‌ಸ್ಟರ್‌ಡಾಮಿನಲ್ಲಿ ಸೂರ್ಯನಿಗೆ ಆಲಸ್ಯ ಹೆಚ್ಚು. ಬೀದಿದೀಪಗಳು ಇನ್ನೂ ಆರಿಲ್ಲ, ಕಾಲುವೆಯ ನೀರು ಮಸಿಯ ಬಣ್ಣದಿಂದ ಬೂದಿಯ ಬಣ್ಣಕ್ಕೆ ಈಗಷ್ಟೇ ತಿರುಗುತ್ತಿದೆ. ಏಣಿಯಂತೆ ಕಡಿದಾದ ಮೆಟ್ಟಿಲು ಹತ್ತಿ ಬಂದ ಬಿಲ್ಕೀಸ್ ಮಾಸ್ಕ್ ಸರಿಪಡಿಸಿಕೊಳ್ಳುತ್ತಾರೆ. ಒಳಕೋಣೆಯಲ್ಲಿ ಮೂರು ದಿನದ ಕೂಸು ಅಳುತ್ತಿದೆ. ಬಿಲ್ಕೀಸ್ ಅತ್ತ ಹೋಗುವುದಿಲ್ಲ. ಬಾಗಿಲ ಪಕ್ಕದ ನೀರಿನ ಮೀಟರಿನ ಗೂಡು ತೆರೆದು, ಮೊಣಕಾಲೂರಿ, ಮೊಬೈಲಿನ ಬೆಳಕು ಬಿಟ್ಟು ಒಳಗೆ ಇಣುಕುತ್ತಾರೆ. ಕೋಟಿನ ಜೇಬಿನಿಂದ ಒಂದು ಹಳೆಯ ಬೀಗದ ಕೈ ತೆಗೆದು ನೀರಿನ ಕೊಳವೆಯನ್ನು ಎರಡು ಸಲ ಕುಟ್ಟಿ ಕಿವಿಗೊಡುತ್ತಾರೆ. ಬಳಿಕ ಉಗುರಿನಷ್ಟು ಜಾಗವನ್ನು ಮೆಲ್ಲಗೆ ಕೆರೆಯುತ್ತಾರೆ.

"ಕೆಂಪು ಬಂತು. ತಾಮ್ರ. ಆರಾಮ," ಎಂದು ತಮ್ಮಷ್ಟಕ್ಕೇ ಹೇಳಿಕೊಂಡು ಎದ್ದು, ಕೈ ತೊಳೆದು ಬಾಣಂತಿಯ ಕೋಣೆಗೆ ನಡೆಯುತ್ತಾರೆ.

ಹೆರಿಗೆಯಾದ ಕೆಲವೇ ಗಂಟೆಗಳಲ್ಲಿ ತಾಯಿ ಮನೆ ಸೇರುವ ದೇಶ ಇದು. ತರಬೇತಿ ಪಡೆದ ಹೆಂಗಸೊಬ್ಬರು ಅಲ್ಲಿಂದ ಎಂಟು ದಿನ ಮನೆಗೇ ಬಂದು ತಾಯಿಮಗುವನ್ನು ನೋಡಿಕೊಳ್ಳುತ್ತಾರೆ. ಇದನ್ನು ಇಲ್ಲಿ ಕ್ರಾಮ್‌ಜೋರ್ಗ್ ಎನ್ನುತ್ತಾರೆ. ನಮ್ಮ ಬಾಣಂತನಕ್ಕೆ ವಿಮೆಯ ಮುದ್ರೆ ಬಿದ್ದಂತೆ ಎಂದುಕೊಂಡರೆ ಸಾಕು. ಹೂಫ್‌ಡಾರ್ಪ್‌ನಲ್ಲಿ ನೆಲೆಸಿರುವ ಬಿಲ್ಕೀಸ್ ಏಳು ವರ್ಷಗಳಿಂದ ಈ ಕೆಲಸದಲ್ಲಿದ್ದಾರೆ. ಕೂಸಿನ ತೂಕ, ದಿನಕ್ಕೆ ಎರಡು ಬಾರಿ ಜ್ವರದ ತಪಾಸಣೆ, ತಾಯಿಯ ಹೊಲಿಗೆ, ಹಾಲೂಡಿಸುವ ಬಗೆ ಇವೆಲ್ಲಕ್ಕೂ ನಮೂನೆಯಲ್ಲಿ ಒಂದೊಂದು ಚೌಕವುಂಟು. ನೀರಿನ ಕೊಳವೆಗೆ ಮಾತ್ರ ಚೌಕವಿಲ್ಲ. ಅದು ಬಿಲ್ಕೀಸ್ ತಾವೇ ಮೈಮೇಲೆ ಹಾಕಿಕೊಂಡ ಕೆಲಸ.

"ಬಾಣಂತಿ ಮನಿಗೆ ಹೋದ್ರ ಎಲ್ಲಾರೂ ಮೊದ್ಲ ಕೂಸು ನೋಡ್ತಾರ. ನಾ ಮೊದ್ಲ ನಳ ನೋಡ್ತೀನ್ರಿ. ಕೂಸು ಎಲ್ಲಿ ಓಡಿ ಹೋಗ್ತೈತಿ?" ಎನ್ನುತ್ತಾರೆ.

ಈ ದೇಶದ ನಲ್ಲಿ ನೀರು ನೇರವಾಗಿ ಕುಡಿಯಲು ಯೋಗ್ಯ, ಅದರಲ್ಲಿ ಎರಡು ಮಾತಿಲ್ಲ. ತೊಡಕಿರುವುದು ಮನೆಯೊಳಗೆ. 1960ಕ್ಕೆ ಮೊದಲು ಕಟ್ಟಿದ ಕೆಲವು ಮನೆಗಳಲ್ಲಿ ಸೀಸದ ಕೊಳವೆ ಇನ್ನೂ ಉಳಿದಿದೆ. ರಾತ್ರಿಯಿಡೀ ಅದರಲ್ಲಿ ನಿಂತ ನೀರಿಗೆ ಸೀಸ ಇಳಿಯುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ. ದೊಡ್ಡವರ ಮೈ ಒಂದಿಷ್ಟು ತಡೆದೀತು. ಬಾಟಲಿಯ ಹಾಲನ್ನೇ ನಂಬಿದ ಕೂಸಿಗೆ, ಬೆಳೆಯುತ್ತಿರುವ ಮೆದುಳಿಗೆ, ಅದು ಸದ್ದಿಲ್ಲದ ಕಂಟಕ. 2019ರಲ್ಲಿ ಒಂದು ಮನೆಯಲ್ಲಿ ಬಿಲ್ಕೀಸ್ ಅಡುಗೆಮನೆಯ ಸಿಂಕಿನ ಕೆಳಗೆ ಹೊಸ ತಾಮ್ರದ ಕೊಳವೆ ಕಂಡು ನಿಶ್ಚಿಂತರಾಗಿದ್ದರು. ಬೀದಿಯಿಂದ ಒಳಬರುವ ಕೊಳವೆ ಸೀಸದ್ದೆಂದು ಆ ಮನೆಯವರಿಗೆ ಗೊತ್ತಾಗುವ ಹೊತ್ತಿಗೆ ಮಗುವಿಗೆ ಏಳು ತಿಂಗಳು ತುಂಬಿತ್ತು. ಅಲ್ಲಿಂದೀಚೆಗೆ ಬಿಲ್ಕೀಸ್ ಮೀಟರಿನ ಗೂಡಿನಲ್ಲೇ ಮೊದಲು ಮೊಣಕಾಲೂರುತ್ತಾರೆ. ಆ ಮನೆಯ ವಿಷಯ ಇದಕ್ಕಿಂತ ಹೆಚ್ಚು ಕೇಳಿದರೆ ಅವರು ಕೂಸಿನ ಬಟ್ಟೆ ಮಡಚತೊಡಗುತ್ತಾರೆ.

ಬಿಲ್ಕೀಸರ ತವರು ಗದಗ ಜಿಲ್ಲೆಯ ಮುಂಡರಗಿ ಸೀಮೆಯ ಒಂದು ಹಳ್ಳಿ. ಆ ನೆಲದ ಕೊಳವೆಬಾವಿಗಳಲ್ಲಿ ಕನ್ನಡಿಯಂಥ ನೀರು, ನೀರಿನ ತುಂಬ ಕಲ್ಲಿನಿಂದ ಕರಗಿ ಬಂದ ಫ್ಲೋರೈಡು. ಓಣಿಯ ಮಕ್ಕಳ ಹಲ್ಲುಗಳೆಲ್ಲ ಕಾಚು ಬಳಿದಂತೆ ಕಂದು. ಅಣ್ಣ ಮುನೀಬನ ಮೊಣಕಾಲುಗಳು ಹನ್ನೆರಡನೆಯ ವಯಸ್ಸಿಗೇ ಬಾಗಿದವು. ಈಗ ಕುಳಿತು ಮಾಡುವ ಹೊಲಿಗೆಯೇ ಆತನ ಕಸುಬು. ಅವ್ವ ಎರಡೂ ಬಾಣಂತನದಲ್ಲಿ ಕಾಯಿಸಿ ಆರಿಸಿದ ನೀರನ್ನಲ್ಲದೆ ಬೇರೆ ನೀರು ಮುಟ್ಟಿದವರಲ್ಲ, ಮಕ್ಕಳಿಗೂ ದಿನವೂ ಅದನ್ನೇ ಕುಡಿಸಿದರು. ಅದನ್ನು ಕಂಡು ಊರ ಸೂಲಗಿತ್ತಿ ಕಾಶಮ್ಮ ಹೇಳುತ್ತಿದ್ದ ಮಾತೊಂದು ಬಿಲ್ಕೀಸರಿಗೆ ಬಾಯಿಪಾಠ: "ಕುದಿಸಿದ್ರ ಹುಳ ಸಾಯ್ತಾವ, ಕಲ್ಲು ಸಾಯಂಗಿಲ್ಲ." ಕಾಶಮ್ಮ ಓದಿದವಳಲ್ಲ. ಆದರೆ ಮೂರು ಓಣಿಯ ಮಕ್ಕಳನ್ನು ಕೈಯಲ್ಲಿ ಹಿಡಿದವಳು, ಯಾವ ಬಾವಿಯ ನೀರು ಕುಡಿದ ಮನೆಯಲ್ಲಿ ಯಾರ ಕಾಲು ಬಾಗಿತೆಂದು ಲೆಕ್ಕ ಇಟ್ಟವಳು.

ನರ್ಸಿಂಗ್ ಓದಿ ತಾಲ್ಲೂಕಿನ ಆರೋಗ್ಯ ಕೇಂದ್ರ ಸೇರಿದ ಬಿಲ್ಕೀಸ್, ಲಸಿಕೆಯ ಗುರುವಾರಗಳಂದು ತಾಯಂದಿರಿಗೆ ಸೂಜಿಗಿಂತ ಮೊದಲು ಕೇಳುತ್ತಿದ್ದುದು ಒಂದೇ ಪ್ರಶ್ನೆ: ಯಾವ ಬೋರಿನ ನೀರು? ಮದುವೆಯಾಗಿ 2009ರಲ್ಲಿ ಇಲ್ಲಿಗೆ ಬಂದರು. ಗಂಡ ಅನ್ವರ್ ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿದ್ದಾರೆ. ಹೆಣ್ಣು ನೋಡಲು ಬಂದ ದಿನ ಬಾಯಿ ತೆರೆಯಬೇಡವೆಂದು ಅವ್ವ ತಾಕೀತು ಮಾಡಿದ್ದರಂತೆ. "ಒಂದು ತಾಸು ತುಟಿ ಬಿಚ್ಚಿಲ್ಲರಿ. ಹುಡುಗಿ ಭಾಳ ಶಾಂತ ಸ್ವಭಾವ ಅಂದ್ಕೊಂಡು ಒಪ್ಪಿದ್ರು. ಅದರ ಫಲ ಈಗ ಉಣ್ಣಾಕತ್ತಾರ," ಎಂದು ಬಿಲ್ಕೀಸ್ ನಗುತ್ತಾರೆ, ಕೈ ತಾನಾಗಿ ಬಾಯಿಗೆ ಅಡ್ಡ ಬರುತ್ತದೆ. ಭಾಷೆ ಕಲಿತು ಡಿಪ್ಲೊಮಾ ಪಡೆಯಲು ಐದು ವರ್ಷ ಹಿಡಿಯಿತು. ಜೇಬಿನ ಆ ಬೀಗದ ಕೈ ತವರಿನಿಂದ ತಂದ ಟ್ರಂಕಿನದು. ಟ್ರಂಕು ಎಂದೋ ತುಕ್ಕು ಹಿಡಿದು ಹೋಯಿತು. ಮಗಳು ಅಲೀಝಾ ಡಚ್ಚಿನಲ್ಲಿ ಛೇಡಿಸುತ್ತಾಳೆ: ಅಮ್ಮಿ, ನೀನು ನರ್ಸೋ, ಪ್ಲಂಬರೋ?

ಸಾಂಕ್ರಾಮಿಕ ಬಂದ ಮೊದಲ ತಿಂಗಳುಗಳಲ್ಲಿ ಈ ಕೆಲಸದ ಅರ್ಧಕ್ಕೇ ಕತ್ತರಿ ಬಿತ್ತು. ದಿನಕ್ಕೆ ಆರು ಗಂಟೆ ಇರುತ್ತಿದ್ದ ಮನೆಯಲ್ಲಿ ಮೂರೇ ಗಂಟೆ. ಉಳಿದದ್ದು ಫೋನಿನ ಪರದೆಯಲ್ಲಿ. "ಫೋನಿನ್ಯಾಗ ಕೂಸು ಕಾಣ್ತೈತಿ, ಪೈಪ್ ಕಾಣಂಗಿಲ್ಲ," ಎಂಬುದು ಅವರ ದೂರು.

2020ರ ಮೇ ತಿಂಗಳಲ್ಲಿ ನಡೆದದ್ದನ್ನು ಅವರು ಇಂದಿಗೂ ಎಳೆಎಳೆಯಾಗಿ ಹೇಳಬಲ್ಲರು. ನಿಹಾರಿಕಾ ಮತ್ತು ಋತ್ವಿಕ್ ದಂಪತಿ ಬೈಟನ್‌ವೆಲ್ಡರ್ಟ್‌ನ ಹೊಸ ಫ್ಲಾಟು ಬಿಟ್ಟು, ಆಮ್‌ಸ್ಟೆಲ್ ನದಿಯ ಬದಿಯಲ್ಲಿ 1930ರ ದಶಕದ ಮನೆಯೊಂದಕ್ಕೆ ಬಾಡಿಗೆಗೆ ಬಂದಿದ್ದರು. ನಿಹಾರಿಕಾಳ ತಾಯಿ ಲೀಲಮ್ಮ ನಂಜನಗೂಡಿನವರು. ಬಾಣಂತನಕ್ಕೆಂದು ಮಾರ್ಚಿ ಮೊದಲ ವಾರ ಬಂದವರಿಗೆ ಹಿಂದಿರುಗುವ ವಿಮಾನ ನಿಂತುಹೋಗಿತ್ತು. ಋತ್ವಿಕ್‌ಗೆ ಕೆಮ್ಮಿದ್ದುದರಿಂದ ಬಿಲ್ಕೀಸ್ ಮಾಸ್ಕು, ಏಪ್ರನ್ನು ಧರಿಸಿಯೇ ಒಳಹೋದರು. ಬಾಣಂತಿಗೆ ಎದೆಹಾಲು ಇನ್ನೂ ಇಳಿದಿರಲಿಲ್ಲ. ಕೂಸಿಗೆ ಮೂರು ಗಂಟೆಗೊಮ್ಮೆ ಪುಡಿಹಾಲಿನ ಬಾಟಲಿ. ಮೀಟರಿನ ಗೂಡಿನ ಕೊಳವೆ ಬೂದು ಬಣ್ಣದ್ದು, ಬೆಸುಗೆಯಲ್ಲಿ ಊದಿಕೊಂಡಿತ್ತು. ಕುಟ್ಟಿದರೆ ಮರದ ಹಾಗೆ ಮಂಕು ಸದ್ದು, ಕೆರೆದರೆ ಬೆಳ್ಳಿಯ ಹೊಳಪು. ಸೀಸವೆಂದರು ಬಿಲ್ಕೀಸ್.

"ಆದ್ರೆ ಇಲ್ಲಿ ಟ್ಯಾಪ್ ವಾಟರ್ ವರ್ಲ್ಡ್ ಕ್ಲಾಸ್ ಅಂತಾರಲ್ಲ ಸಿಸ್ಟರ್?" ಎಂದ ಋತ್ವಿಕ್, ಬಾಗಿಲಾಚೆಯಿಂದ.

"ನೀರು ವರ್ಲ್ಡ್ ಕ್ಲಾಸ್ ಐತ್ರಿ. ಪೈಪು ನಿಮ್ಮ ಮಾಲೀಕರ ಅಜ್ಜನ ಕಾಲದ್ದೈತಿ."

ಲೀಲಮ್ಮನವರಿಗೆ ಇದು ನಗೆಯ ಮಾತಾಗಿರಲಿಲ್ಲ. ಮೂರು ಬಾಣಂತನ ಮಾಡಿ ಸೈ ಎನಿಸಿಕೊಂಡ ಕೈ ಅವರದು. ಮುಂಜಾನೆ ಐದಕ್ಕೆ, ಮನೆಯಲ್ಲಿ ಯಾರೊಬ್ಬರೂ ನಲ್ಲಿ ಮುಟ್ಟುವ ಮುಂಚೆ, ಎಂಜಲು ಮುಸುರೆ ಸೋಕದ ಮೊದಲ ನೀರನ್ನು ಪಾತ್ರೆಗೆ ಹಿಡಿಯುತ್ತಿದ್ದರು. ಜೀರಿಗೆ, ಓಮ ಹಾಕಿ ಅರ್ಧಕ್ಕೆ ಇಳಿಯುವ ತನಕ ಕುದಿಸಿದ್ದು ಬಾಣಂತಿಗೆ. ಜೀರಿಗೆ ಓಮವಿಲ್ಲದೆ ಹಾಗೆಯೇ ಕುದಿಸಿದ್ದು ಕೂಸಿನ ಹಾಲಿಗೆ. ಊರಿನಲ್ಲಿ ತಲೆತಲಾಂತರದಿಂದ ಮಕ್ಕಳನ್ನು ಕಾಪಾಡಿದ ಕ್ರಮ ಅದು. ಈ ಮನೆಯಲ್ಲಿ ಅದೇ ಕ್ರಮ ತಿರುಗಿಬಿದ್ದಿತ್ತು. ರಾತ್ರಿಯೆಲ್ಲ ಸೀಸದಲ್ಲಿ ನಿಂತ ನೀರೇ ಆ ಮೊದಲ ನೀರು. ಅರ್ಧಕ್ಕೆ ಇಳಿಸಿದಾಗ ನೀರು ಆವಿಯಾಗಿ ಹೋಗುತ್ತದೆ, ಸೀಸ ಅಷ್ಟೂ ಉಳಿಯುತ್ತದೆ.

"ಕುದಿಸಬ್ಯಾಡ್ರಿ ಅಮ್ಮಾರ. ಈ ನೀರು ಕೂಸಿಗೆ ಬ್ಯಾಡ್ರಿ. ಬಾಟ್ಲಿ ನೀರು ತರಿಸ್ರಿ."

"ಬಾಣಂತಿಗೆ ಪ್ಲಾಸ್ಟಿಕ್ ನೀರಾ? ಚೆನ್ನಾಗಿ ಹೇಳಿದೆ ಕಣಮ್ಮ. ಕಪಿಲೆ ನೀರಲ್ಲಿ ಮೂರು ಮಕ್ಕಳ್ನ ಎತ್ತಿದೀನಿ ನಾನು. ಕುದಿಸಿದ ನೀರಿಗೆ ದೋಷ ಹೇಳಿದೋರ್ನ ಇವತ್ತೇ ನೋಡ್ತಿರೋದು."

ಬಿಲ್ಕೀಸ್ ಕಾಶಮ್ಮನ ಮಾತು ಹೇಳಿದರು.

"ಗಾದೆ ನಂಗೂ ಬರುತ್ತೆ," ಎಂದರು ಲೀಲಮ್ಮ.

"ಅಮ್ಮಾ, ಅವರು ಹೇಳೋದ್ ಸ್ವಲ್ಪ ಕೇಳು," ಎಂದಳು ನಿಹಾರಿಕಾ, ಮಲಗಿದಲ್ಲಿಂದಲೇ.

"ನೀನು ಸುಮ್ನೆ ಮಲಕ್ಕೊ. ಗಾಳಿ ಸೋಕತ್ತೆ."

ಹನ್ನೊಂದಕ್ಕೆ ಬಿಲ್ಕೀಸರ ಮೂರು ಗಂಟೆ ಮುಗಿಯಬೇಕು. ಹನ್ನೊಂದಕ್ಕೇ ಕೂಸಿನ ಮುಂದಿನ ಬಾಟಲಿ. ಒಲೆಯ ಮೇಲೆ ನೀರು ಆಗಲೇ ಗುಳುಗುಳು ಎನ್ನುತ್ತಿತ್ತು. ತಾವು ಹೊರಬಿದ್ದ ಮರುಗಳಿಗೆ ಅದೇ ನೀರು ಬಾಟಲಿಗೆ ಬೀಳುತ್ತದೆಂಬುದು ಬಿಲ್ಕೀಸರಿಗೆ ಖಚಿತವಿತ್ತು. ಮನೆಯೊಳಗೆ ಮಾಸ್ಕ್ ತೆಗೆಯುವಂತಿಲ್ಲ. ಅವರು ಬಾಲ್ಕನಿಗೆ ಹೋಗಿ, ಗಾಜಿನ ಬಾಗಿಲು ಎಳೆದುಕೊಂಡು, ಲೀಲಮ್ಮನವರನ್ನು ಕೈಸನ್ನೆಯಿಂದ ಕರೆದರು. ಗಾಜಿನ ಆಚೆ ನಿಂತು ಮಾಸ್ಕ್ ಕೆಳಗಿಳಿಸಿದರು. ಹೆಣ್ಣು ನೋಡುವ ದಿನ ಬಿಚ್ಚದ ತುಟಿಯನ್ನು ಪೂರ್ತಿ ಬಿಚ್ಚಿ, ಕಂದುಗಟ್ಟಿದ ಹಲ್ಲುಗಳ ಮೇಲಿನ ಸಾಲು, ಕೆಳಗಿನ ಸಾಲು ಎರಡನ್ನೂ ತೋರಿಸಿದರು.

"ಹುಟ್ಟಿದಾಗಿಂದ ಕುದಿಸಿದ ನೀರ ಕುಡದೀನ್ರಿ ಅಮ್ಮಾರ," ಎಂದರು, ಗಾಜಿನ ಮೂಲಕ ಕೇಳುವಷ್ಟು ದನಿ ಎತ್ತಿ. "ನಮ್ಮವ್ವ ದಿನಾ ಕುದಿಸಿದ್ಲು."

ಲೀಲಮ್ಮ ಕನ್ನಡಕ ಏರಿಸಿಕೊಂಡು ಗಾಜಿನ ಹತ್ತಿರ ಬಂದರು. ಸಂತೆಯಲ್ಲಿ ಕಾಳು ನೋಡುವಂತೆ ಹೊತ್ತು ತೆಗೆದುಕೊಂಡು ನೋಡಿದರು. ಅಡುಗೆಮನೆಗೆ ಹೋಗಿ ಒಲೆ ಆರಿಸಿ, ಬಾಣಂತಿಯ ಜೀರಿಗೆ ಓಮದ ಪಾತ್ರೆ, ಕೂಸಿನ ಪಾತ್ರೆ ಎರಡನ್ನೂ ಸಿಂಕಿಗೆ ಬೋರಲು ಹಾಕಿದರು.

"ಸರಿ. ಒಳ್ಳೆ ನೀರು ಎಲ್ಲಿಂದ ತರಿಸ್ತೀಯ, ಹೇಳು."

ಆ ಹೊತ್ತಿನ ಬಾಟಲಿಗೆ ಪಕ್ಕದ ಅಂಗಡಿಯ ನೀರೇ ಆಯಿತು. ಪ್ಲಾಸ್ಟಿಕ್ಕಿನ ಮಾತು ಲೀಲಮ್ಮ ಎತ್ತಲಿಲ್ಲ. ಸಂಜೆಯಿಂದ ನಿಹಾರಿಕಾಳ ಗೆಳತಿ ನವ್ಯಾ, ಬೈಟನ್‌ವೆಲ್ಡರ್ಟ್‌ನ ತನ್ನ ಹೊಸ ಫ್ಲಾಟಿನ ನಲ್ಲಿಯಿಂದ ಎರಡು ಸ್ಟೀಲ್ ಕೊಡ ತುಂಬಿ, ಪೆಟ್ಟಿಗೆ ಕಟ್ಟಿದ ಸೈಕಲ್ಲಿನಲ್ಲಿ ತಂದು ಬಾಗಿಲಿಗಿಟ್ಟು ಹೋಗತೊಡಗಿದಳು. ಪರೀಕ್ಷೆಗೆ ಕಳಿಸಿದ ಮೊದಲ ನೀರಿನಲ್ಲಿ ಸೀಸ ಮಿತಿಯ ನಾಲ್ಕು ಪಟ್ಟು ಇದ್ದುದು ಹತ್ತು ದಿನಗಳ ಬಳಿಕ ತಿಳಿಯಿತು. ಮನೆಯ ಮಾಲೀಕರು ಆಗಸ್ಟ್ ಹೊತ್ತಿಗೆ ಕೊಳವೆ ಬದಲಿಸಿದರು. ಎಂಟನೆಯ ದಿನ ಬಿಲ್ಕೀಸ್ ಇಲ್ಲಿನ ವಾಡಿಕೆಯಂತೆ ಬಾಣಂತಿಗೆ ರಸ್ಕಿನ ಮೇಲೆ ಸಕ್ಕರೆ ಮೆತ್ತಿದ ಸೋಂಪು ಉದುರಿಸಿ ಕೊಟ್ಟಾಗ ಲೀಲಮ್ಮ ತಲೆದೂಗಿದರಂತೆ: "ಸೋಂಪು ಕೊಡ್ತಾರೆ ಅಂದ್ಮೇಲೆ ಈ ಜನಕ್ಕೂ ಬಾಣಂತನ ತಕ್ಕಮಟ್ಟಿಗೆ ಗೊತ್ತು."

ಸಾಂಕ್ರಾಮಿಕ ಬಂದ ಕಳೆದ ವರ್ಷದ ಮಾರ್ಚಿನಿಂದ ಇಂದಿನವರೆಗೆ ಬಿಲ್ಕೀಸ್ ನಲವತ್ತೊಂದು ಮನೆಗಳ ಮೀಟರಿನ ಗೂಡಿಗೆ ಇಣುಕಿದ್ದಾರೆ. ಆರರಲ್ಲಿ ಸೀಸವಿತ್ತು. ಸಹೋದ್ಯೋಗಿಗಳಲ್ಲಿ ನಾಲ್ವರು ಈಗ ಜೇಬಿನಲ್ಲಿ ಬೀಗದ ಕೈ ಇಟ್ಟುಕೊಂಡು ತಿರುಗುತ್ತಾರೆ. ಹೊಸಬರಿಗೆ ಜೂಟರ್‌ಮೀರ್‌ನಲ್ಲಿ ತರಬೇತಿಯಿದ್ದ ದಿನ ಕಾಶಮ್ಮನ ಮಾತನ್ನು ಬಿಲ್ಕೀಸ್ ಡಚ್ಚಿಗೆ ತಿರುಗಿಸಿ ಹೇಳಿದರಂತೆ. ಪ್ರಾಸ ಕೂಡಲಿಲ್ಲ, ಅರ್ಥ ಕೂಡಿತು.

ಮಧ್ಯಾಹ್ನ ಎರಡಾಗುತ್ತಿದೆ. ಮೂರು ದಿನದ ಕೂಸು ಹೊಟ್ಟೆ ತುಂಬಿ ಮಲಗಿದೆ. ಬಿಲ್ಕೀಸ್ ನಮೂನೆಯ ಚೌಕಗಳನ್ನು ಒಂದೊಂದಾಗಿ ತುಂಬಿ, ಕೊನೆಗೆ ಹಾಳೆಯ ಅಂಚಿನಲ್ಲಿ, ಗೆರೆಯಾಚೆ, ಸಣ್ಣ ಅಕ್ಷರದಲ್ಲಿ 'ನೀರು: ನೋಡಿದೆ' ಎಂದು ಡಚ್ಚಿನಲ್ಲಿ ಬರೆಯುತ್ತಾರೆ.

"ಇಲ್ಲೊಂದು ಚೌಕ ಮಾಡಿ ಕೊಟ್ರ ಸಾಕ್ರಿ. ಹೊಸಾ ಹುಡುಗ್ಯಾರು ಮರಿಯಂಗಿಲ್ಲ," ಎನ್ನುತ್ತಾರೆ. ಇದೊಂದೇ ಅವರ ಬೇಡಿಕೆ.

ಕೆಳಗಿಳಿದು ಬೀದಿಯ ಗಾಳಿಗೆ ಬಂದಾಗ ಮಾಸ್ಕ್ ಕಳಚಿ ಮಡಚುತ್ತಾರೆ. ಸೈಕಲ್ಲಿನ ಬೀಗ ತೆಗೆಯುತ್ತ ಏನೋ ನೆನಪಾಗಿ ನಗುತ್ತಾರೆ. ಈ ಸಲ ಕೈ ಬಾಯಿಗೆ ಅಡ್ಡ ಬರುವುದಿಲ್ಲ.

"ಈ ಹಲ್ಲಿಗೆ ಹೆದರಿ ನಮ್ಮವ್ವ ನನ್ನ ಬಾಯಿ ಮುಚ್ಚಿಸಿದ್ಲು. ಒಂದು ಕೂಸಿನ ಹಾಲು ಉಳಿಸಾಕ ಇವ ಕೆಲಸಕ್ಕ ಬರ್ತಾವಂತ ಆಕಿಗೇನ ಗೊತ್ತಿತ್ತು?"